ಪದಚರ್ಚೆ: ‘ಮೂಳೆಸವೆತ’ ಅಂದ್ರೆ ಯಾವ ಕಾಯಿಲೆ? ‘ಸಪ್ಲಿಮೆಂಟ್’ಗೆ ಏನನ್ನೋದು?

ಎಲ್ಲರಿಗೂ ನಮಸ್ಕಾರ,

ಮಂಡಿನೋವು ಇರೋರಿಗೆ ಅಂತ ನಾಲ್ಕು ಪುಟದ ಒಂದು ಕರಪತ್ರ ಬರೀತಾ ಇದೀನಿ, ಆಸ್ಟಿಯೋಆರ್ಥ್ರೈಟಿಸ್‌ಗೆ ಜನ ತಗೊಳ್ಳೋ ಗಿಡಮೂಲಿಕೆ ಮಾತ್ರೆ, ವಿಟಮಿನ್ ಮಾತ್ರೆಗಳ ಬಗ್ಗೆ. ಮೊದಲನೇ ಸಾಲಲ್ಲೇ ಸಿಕ್ಕಾಕೊಂಡೆ. ಕಾಯಿಲೆ ಹೆಸರನ್ನೇ ಏನಂತ ಬರೆಯೋದು?

ಆಡುಮಾತಲ್ಲಿ ‘ಮೂಳೆ ಸವೆದಿದೆ’ ಅಂತೀವಿ. ಆದ್ರೆ ಇದೇ ‘ಮೂಳೆಸವೆತ’ ಅನ್ನೋ ಪದಾನ ಆಸ್ಟಿಯೋಪೊರೋಸಿಸ್‌ಗೂ ಹಾಕ್ತಾರೆ, ಅದು ಬೇರೆಯದೇ ಕಾಯಿಲೆ. ಅದರಲ್ಲಿ ಮೂಳೆ ಒಳಗೊಳಗೇ ತೆಳ್ಳಗಾಗಿ ಟೊಳ್ಳಾಗ್ತಾ ಹೋಗತ್ತೆ, ಎಷ್ಟೋ ಜನಕ್ಕೆ ಮುರಿಯೋ ತನಕ ಗೊತ್ತೇ ಆಗಲ್ಲ. ಆಸ್ಟಿಯೋಆರ್ಥ್ರೈಟಿಸ್‌ನಲ್ಲಿ ಹಾಳಾಗೋದು ಕೀಲಲ್ಲಿ ಮೂಳೆ ತುದಿಗೆ ಹೊದಿಸಿದ ಹಾಗಿರೋ ಮೃದ್ವಸ್ಥಿ (ಕಾರ್ಟಿಲೇಜ್), ಮೂಳೆ ಕರಗೋದಿರಲಿ, ಕೀಲಿನ ಅಂಚಲ್ಲಿ ಮುಳ್ಳಿನ ಥರ ಹೊಸ ಮೂಳೆ ಬೆಳೆಯೋದೂ ಉಂಟು. ಬೆಳೀತಾ ಇರೋದಕ್ಕೆ ಸವೆತ ಅಂತ ಹೆಸರು!

ಇದು ಬರೀ ನಿಘಂಟಿನ ತಕರಾರಲ್ಲ. ನಮ್ಮ ಚಿಕ್ಕಮ್ಮ ಒಂದೂವರೆ ವರ್ಷ ದಿನಾ ಕ್ಯಾಲ್ಶಿಯಂ ಮಾತ್ರೆ ನುಂಗಿದ್ರು, ಯಾರೂ ಬರೆದುಕೊಟ್ಟಿರಲಿಲ್ಲ, ಮೂಳೆ ಸವೆದಿದೆ ಅಂದ್ರು, ಮೂಳೆಗೆ ಬೇಕಾದ್ದು ಕ್ಯಾಲ್ಶಿಯಂ, ಅಷ್ಟೆ. ಅವರ ತರ್ಕದಲ್ಲಿ ತಪ್ಪೇನೂ ಇಲ್ಲ, ಪದ ದಾರಿ ತಪ್ಪಿಸ್ತು. ಮೊನ್ನೆ ಅವರ ಎಕ್ಸ್‌ರೇನ ಕಿಟಕಿ ಬೆಳಕಿಗೆ ಹಿಡಿದು ತೋರಿಸಿದೆ: ಮಂಡಿಯ ಹೊರಬದಿಯಲ್ಲಿ ಎರಡು ಮೂಳೆ ಮಧ್ಯೆ ಬೆರಳು ದಪ್ಪ ಅಲ್ಲದಿದ್ರೂ ಚೆನ್ನಾಗೇ ಕಾಣೋ ಕಪ್ಪು ಪಟ್ಟಿ, ಒಳಬದಿಯಲ್ಲಿ ಅದೇ ಪಟ್ಟಿ ನೂಲಿನಷ್ಟು. ಮೃದ್ವಸ್ಥಿ ಎಕ್ಸ್‌ರೇಗೆ ಕಾಣಲ್ಲ, ಆ ಕಪ್ಪು ಜಾಗದಲ್ಲೇ ಅದಿರೋದು, ಅದು ತೆಳ್ಳಗಾದ್ರೆ ಪಟ್ಟಿ ಕಿರಿದಾಗತ್ತೆ ಅಂದೆ. ಅದಕ್ಕೆ ಅವರು, “ಅಯ್ಯೋ, ಗ್ಯಾಪ್ ಕಮ್ಮಿ ಆಗಿದೆ ಅಂದಾಗ ನಾನು ವಾಸಿ ಆಗ್ತಿದೆ ಅನ್ಕೊಂಡಿದ್ನಲ್ಲೋ, ಬೆನ್ನುಮೂಳೇಲಿ ಗ್ಯಾಪ್ ಬಂದ್ರೆ ಕೆಟ್ಟದ್ದು ಅಂತಾರಲ್ಲ!” ಅಂದ್ರು. ಅದೂ ಪದದ್ದೇ ಕಿತಾಪತಿ.

‘ಸಂಧಿವಾತ’ ಅಂತ ಬರೀಬಹುದಲ್ಲ ಅಂತೀರಿ. ಪತ್ರಿಕೆಗಳಲ್ಲಿ ಅದನ್ನ ರೂಮಟಾಯ್ಡ್ ಆರ್ಥ್ರೈಟಿಸ್‌ಗೂ ಬಳಸ್ತಾರೆ, ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕೀಲಿನ ಮೇಲೇ ತಿರುಗಿಬೀಳೋ ಕಾಯಿಲೆಗೆ. ಆಯುರ್ವೇದದವರು ಅದಕ್ಕೆ ‘ಆಮವಾತ’ ಅಂತ, ನಮ್ಮದಕ್ಕೆ ‘ಸಂಧಿಗತವಾತ’ ಅಂತ ಬೇರೆ ಬೇರೆ ಇಟ್ಕೊಂಡಿದ್ದಾರೆ. ಚರಕಸಂಹಿತೆಯಲ್ಲಿ ಸಂಧಿಗತವಾತದ ಊತವನ್ನ ಗಾಳಿ ತುಂಬಿದ ತೊಗಲಿನ ಚೀಲ ಮುಟ್ಟಿದ ಹಾಗಿರತ್ತೆ, ಮಡಚಿ ಚಾಚುವಾಗ ನೋಯತ್ತೆ ಅಂತ ಹೇಳಿದೆ, ಊದಿದ ಮಂಡಿ ಒತ್ತಿ ನೋಡಿದವರಿಗೆ ಈ ಹೋಲಿಕೆ ಎಷ್ಟು ಸರಿ ಅಂತ ಗೊತ್ತಾಗತ್ತೆ. ಪದ ಖಚಿತ, ಆದ್ರೆ ಓದೋರಿಗೆ ಭಾರ.

ನಂಗೆ ಹೊಳೆದದ್ದು ‘ಕೀಲುಸವೆತ’. ಇದರಲ್ಲೂ ಒಂದು ಮುಳ್ಳಿದೆ. ಈಗ ವೈದ್ಯರು ಇದು ಬರೀ ಸವೆತ ಅಲ್ಲ, ಮೃದ್ವಸ್ಥಿ, ಅದರ ಕೆಳಗಿನ ಮೂಳೆ, ಕೀಲಿನ ಒಳಪೊರೆ ಎಲ್ಲ ಸೇರಿದ ಇಡೀ ಕೀಲಿನ ಕಾಯಿಲೆ ಅಂತಾರೆ, ವ್ಯಾಯಾಮವೇ ಮುಖ್ಯ ಚಿಕಿತ್ಸೆಗಳಲ್ಲಿ ಒಂದು ಅಂತಲೂ ಹೇಳ್ತಾರೆ. ಸವೆತ ಅಂದ ತಕ್ಷಣ ಜನ ಮಾಡೋದೇನು, ಚಪ್ಪಲಿ ಸವೆಯತ್ತೆ ಅಂತ ಎತ್ತಿಟ್ಟ ಹಾಗೆ ನಡೆಯೋದನ್ನೇ ಬಿಡ್ತಾರೆ.

ಎರಡನೇ ಪದ ‘ಸಪ್ಲಿಮೆಂಟ್’. ಒಂದು ಅನುವಾದ ತಂತ್ರಾಂಶಕ್ಕೆ ಹಾಕಿದ್ರೆ ‘ವಿಟಮಿನ್ ಪುರವಣಿ’ ಅಂತ ಕೊಡ್ತು, ಭಾನುವಾರದ ಪೇಪರ್ ಜೊತೆ ಬರತ್ತೇನೋ. ‘ಪೂರಕ’ ಬಳಕೆಯಲ್ಲಿದೆ ನಿಜ, (ಪ್ರಾಣಾಯಾಮದವರಿಗೆ ಅದು ಉಸಿರು ಒಳಗೆಳೆಯೋದು, ಇರಲಿ) ಆದ್ರೆ ಪೂರಕ ಅಂದ್ರೆ ಏನೋ ಕೊರತೆ ಇದೆ, ಅದನ್ನ ತುಂಬ್ತೀವಿ ಅಂತ ಅರ್ಥ ಬರತ್ತಲ್ಲ. ವಿಟಮಿನ್ ಡಿ ಕಮ್ಮಿ ಇರೋರು ತಗೊಂಡ್ರೆ ಅದು ಪೂರಕವೇ, ಮೂಳೆಗೆ ಒಳ್ಳೇದೇ, ಅದರಿಂದ ಮಂಡಿನೋವು ಹೋಗತ್ತೆ ಅಂತ ಮಾತ್ರ ಎರಡೆರಡು ವರ್ಷದ ಪರೀಕ್ಷೆಗಳಲ್ಲೂ ಕಂಡುಬರಲಿಲ್ಲ. ಕೀಲುನೋವಿಗೆ ಅಂತ ಮಾರೋ ಗ್ಲೂಕೋಸಮೈನ್, ಕಾಂಡ್ರಾಯ್ಟಿನ್ ಮಾತ್ರೆಗಳ ಕತೆ ಇನ್ನೂ ಬೇರೆ. ಗ್ಲೂಕೋಸಮೈನ್ ಹೆಚ್ಚಾಗಿ ಸಿಗಡಿ, ಏಡಿ ಚಿಪ್ಪಿಂದ ತೆಗೆಯೋದು, ಕಾಂಡ್ರಾಯ್ಟಿನ್ ದನ, ಹಂದಿ, ಶಾರ್ಕ್ ಮೃದ್ವಸ್ಥಿಯಿಂದ, ಹಾಗಾಗಿ ಸಸ್ಯಾಹಾರಿಗಳು, ಚಿಪ್ಪಿನ ಜೀವಿಗಳ ಅಲರ್ಜಿ ಇರೋರು ಡಬ್ಬಿ ಮೇಲಿನ ಸಣ್ಣಕ್ಷರ ಓದಲೇಬೇಕು. 2006ರಲ್ಲಿ ಅಮೆರಿಕದಲ್ಲಿ 1,583 ಜನರ ಮೇಲೆ ಮಾಡಿದ ಗೇಟ್ ಅನ್ನೋ ಪರೀಕ್ಷೆಯ ಫಲಿತಾಂಶ ಬಂತು, ದಿನಕ್ಕೆ 1,500 ಮಿಲಿಗ್ರಾಂ ಗ್ಲೂಕೋಸಮೈನ್, 1,200 ಮಿಲಿಗ್ರಾಂ ಕಾಂಡ್ರಾಯ್ಟಿನ್, 24 ವಾರ. ಒಟ್ಟಾರೆ ನೋಡಿದ್ರೆ ಔಷಧಿಯೇ ಇಲ್ಲದ ಖಾಲಿ ಮಾತ್ರೆಗಿಂತ ಗಣನೀಯವಾಗಿ ಮೇಲೇನೂ ಆಗಲಿಲ್ಲ. ಸವೆದ ಜಾಗಕ್ಕೆ ಸಾಮಾನು ತುಂಬೋ ಹಾಗೆ ಕೇಳಿಸೋ ‘ಪೂರಕ’ನ ಇದಕ್ಕೆ ಹಾಕೋಕೆ ನಂಗೆ ಮನಸ್ಸು ಬರ್ತಿಲ್ಲ. ‘ಸಪ್ಲಿಮೆಂಟ್ ಮಾತ್ರೆ’ ಅಂತಲೇ ಬಿಡೋಣ್ವಾ?

ವಿಟಮಿನ್‌ಗೆ ಹಿಂದೆ ‘ಅನ್ನಾಂಗ’ ಅಂತಿದ್ರು, ಆಮೇಲೆ ‘ಜೀವಸತ್ವ’. ಚೆಂದದ ಪದಗಳು, ಈಗ ವಿಟಮಿನ್ನೇ ಕನ್ನಡ ಆಗಿಹೋಗಿದೆ, ಅದರ ಬಗ್ಗೆ ಜಗಳ ಬೇಡ.

ಗಿಡಮೂಲಿಕೆಯಲ್ಲಿ ಎರಡು ಗೊಂದಲ. ಶಲ್ಲಕಿಯನ್ನೂ ಗುಗ್ಗುಳವನ್ನೂ ಒಂದೇ ಅನ್ನೋ ಹಾಗೆ ಬರೀತಾರೆ, ಎರಡೂ ಮರದ ಅಂಟೇ ಆದ್ರೂ ಶಲ್ಲಕಿ ಅಂದ್ರೆ ಬಾಸ್ವೆಲಿಯಾ ಸೆರಾಟಾ, ಗುಗ್ಗುಳ ಕಾಮಿಫೋರಾ. ಮಂಡಿನೋವಿಗೆ ಸಣ್ಣ ಸಣ್ಣ ಪರೀಕ್ಷೆಗಳಲ್ಲಿ ಅಷ್ಟಿಷ್ಟು ಆರಾಮ ಕೊಟ್ಟಿದೆ ಅಂತ ಹೆಸರು ಬಂದಿರೋದು ಶಲ್ಲಕಿಗೆ. ಇನ್ನೊಂದು ‘ಅರಿಶಿನದ ಮಾತ್ರೆ’. ಅರಿಶಿನ ತಾನೇ, ಏನಾಗತ್ತೆ ಅಂತ ಪದವೇ ಅಭಯ ಕೊಟ್ಬಿಡತ್ತೆ. ಆದ್ರೆ ಅರಿಶಿನ ಪುಡಿಯಲ್ಲಿ ಅದರ ಮುಖ್ಯ ಸತ್ವ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರ ಆಸುಪಾಸು, ಮಾತ್ರೆಯಲ್ಲಿ ಅದನ್ನೇ ಸೋಸಿ ಗಟ್ಟಿ ಮಾಡಿರ್ತಾರೆ, ಜೊತೆಗೆ ರಕ್ತಕ್ಕೆ ಜಾಸ್ತಿ ಸೇರಲಿ ಅಂತ ಕರಿಮೆಣಸಿನ ಪೈಪರೀನ್ ಬೇರೆ. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳ್ಳೋರಿಗೆ ಇದು ಅಪಾಯ, ಕೆಲವರಿಗೆ ಲಿವರ್‌ಗೆ ಪೆಟ್ಟಾದದ್ದೂ ದಾಖಲಾಗಿದೆ. ಹಾಗಾಗಿ ‘ಅರಿಶಿನಸಾರದ ಮಾತ್ರೆ’ ಅಂತ ಬರೆದಿದೀನಿ, ‘ಸಾರ’ ಅಂದ್ರೆ ಊಟದ ಸಾರು ನೆನಪಾಗತ್ತೆ ಅಂತ ಯಾರಾದ್ರೂ ಹೇಳಿದ್ರೆ ಮಾತ್ರ ನಾನು ಕೇಳಲ್ಲ.

ಕೊನೇದು ಮೃದ್ವಸ್ಥಿ. ಇಲ್ಲೀವರೆಗೂ ನಾನೇ ಧಾರಾಳವಾಗಿ ಬಳಸಿದೆ, ಆದ್ರೆ ಕರಡು ಓದಿದ ಚಿಕ್ಕಮ್ಮ ಆ ಪದದ ಮೇಲೆ ಬೆರಳಿಟ್ಟು “ಇದೇನು, ಮೃತರ ಅಸ್ಥಿಯಾ?” ಅಂದ್ರು. ‘ಮೆಲ್ಲೆಲುಬು’ ಅಂದ್ರೆ ಏನಂತೀರಿ, ಇಲ್ಲಾ ‘ಕೀಲಿನ ಮೆತ್ತೆ’? ಶನಿವಾರದೊಳಗೆ ಹೇಳಿದ್ರೆ ಕರಡಲ್ಲಿ ತಿದ್ದೋಕಾಗತ್ತೆ.