ಅಪ್‌ಡೇಟ್: ತಂಗಿಯ ಎಡಗಾಲಿನ ಊತಕ್ಕೆ ಕಾರಣ ಸಿಕ್ಕಿತು

ತಂಗಿಗೆ ಎರಡು ವರ್ಷದಲ್ಲಿ ಮೂರು ಸಲ ಎಡಗಾಲಲ್ಲೇ ರಕ್ತ ಹೆಪ್ಪುಗಟ್ಟಿತು, ಬಲಗಾಲಿಗೆ ಯಾಕೆ ಏನೂ ಆಗಲ್ಲ ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಮೇ-ಥರ್ನರ್ ಸಿಂಡ್ರೋಮ್.

ಹೊಟ್ಟೆಯ ಕೆಳಭಾಗದಲ್ಲಿ, ಬಲಗಾಲಿಗೆ ಹೋಗುವ ದೊಡ್ಡ ಅಪಧಮನಿ ಎಡಗಾಲಿಂದ ಬರುವ ಅಭಿಧಮನಿಯ ಮೇಲೆ ಹಾದುಹೋಗುತ್ತದೆ. ಹಿಂದೆ ಬೆನ್ನುಮೂಳೆ. ನಡುವೆ ಸಿಕ್ಕಿಕೊಂಡ ನಾಳ ಚಪ್ಪಟೆ. ತೋಟದ ಪೈಪ್ ಮೇಲೆ ಯಾರೋ ಕಾಲಿಟ್ಟು ನಿಂತ ಹಾಗೆ, ಅಷ್ಟೇ. ಸ್ವಲ್ಪ ಒತ್ತು ಎಷ್ಟೋ ಜನರಿಗೆ ಇರುತ್ತದಂತೆ, ತೊಂದರೆ ಆಗುವುದು ಕೆಲವರಿಗೆ ಮಾತ್ರ. 1957ರಲ್ಲೇ ಮೇ ಮತ್ತು ಥರ್ನರ್ ಎಂಬ ಇಬ್ಬರು ವೈದ್ಯರು ಇದರ ಬಗ್ಗೆ ಬರೆದಿದ್ದರು. ನಾವು ಮಾತ್ರ ಕಾಫಿ ಕುಯ್ಲಲ್ಲಿ ದಿನವಿಡೀ ನಿಂತಿದ್ದಕ್ಕೇ ಹೀಗಾಯಿತು ಅಂತ ಸುಮ್ನೆ ಅವಳನ್ನೇ ಬೈಯುತ್ತಿದ್ದೆವು.

ಚಿಕ್ಕಮಗಳೂರಲ್ಲಿ ಮಾಡಿಸಿದ ಡಾಪ್ಲರ್ ಸ್ಕ್ಯಾನ್‌ನಲ್ಲಿ (ರಕ್ತದ ಹರಿವು ನೋಡುವ ಅಲ್ಟ್ರಾಸೌಂಡ್) ಕಾಲಿನ ಹೆಪ್ಪು ಕಂಡಿತ್ತು. ಸೊಂಟದೊಳಗಿನ ನಾಳ ಅದರಲ್ಲಿ ಸರಿಯಾಗಿ ಕಾಣುವುದು ಕಷ್ಟ. ಬೆಂಗಳೂರಲ್ಲಿ ಸಿಟಿ ವೆನೋಗ್ರಾಮ್, ಅಂದರೆ ಅಭಿಧಮನಿಗಳನ್ನು ತೋರಿಸುವ ಸಿಟಿ ಸ್ಕ್ಯಾನ್, ಮಾಡಿದ ಮೇಲೆ ಗೊತ್ತಾಯಿತು. ಒತ್ತಿದ ಜಾಗಕ್ಕೆ ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿದರು. ರಕ್ತ ಹೆಪ್ಪುಗಟ್ಟದ ಮಾತ್ರೆ ಮುಂದುವರಿದಿದೆ, ಎಷ್ಟು ದಿನ ಅಂತ ಡಾಕ್ಟರೇ ಹೇಳಬೇಕು. ಸ್ಟೆಂಟ್ ಬಂತು ಅಂತ ಮಾತ್ರೆ ಬಿಡಬಾರದು, ಇದನ್ನು ಎರಡೆರಡು ಸಲ ಹೇಳಿ ಕಳಿಸಿದ್ದಾರೆ.

ಈಗ ಊತ ಕಡಿಮೆ. ಮೊನ್ನೆ ಎಡಗಾಲಿಗೂ ಗೆಜ್ಜೆ ಹಾಕಿಕೊಂಡಿದ್ದಳು.