ಹೂವಿನ ಚೀಲದ ಎಕ್ಸ್‌ಎಲ್ ನಿಲ್ಲಿಸಿ ಕೀ ಕಿತ್ತುಕೊಂಡರು. ಹಾಗೆ ಮಾಡಬಹುದಾ?

ಸೇವಂತಿಗೆ ತೋಟ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ನಂದಿ ಬೆಟ್ಟದ ತಪ್ಪಲಿನ ಹಳ್ಳಿ. ಒಂದೂವರೆ ಎಕರೆ ಸೇವಂತಿಗೆ, ಬದುವಿನ ಕಡೆ ಸ್ವಲ್ಪ ಗುಲಾಬಿ ಇದೆ. ಗಾಡಿ ಟಿವಿಎಸ್ ಎಕ್ಸ್‌ಎಲ್. ಮುಂದೆ ಕಾಲಿಡುವ ಜಾಗದಲ್ಲಿ ಒಂದು ಚೀಲ, ಹಿಂದೆ ಎರಡು ಚೀಲ ಕಟ್ಟಿಕೊಂಡು ಬೆಳಕು ಹರಿಯುವ ಮುಂಚೆ ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಹೋಗುತ್ತೇನೆ. ತಡವಾದರೆ ರೇಟು ಬೀಳುತ್ತದೆ. ಹೂವು ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾರದ ದಿನಗಳಲ್ಲಿ ನನ್ನನ್ನು ಯಾರೂ ಕೇಳುವುದಿಲ್ಲ. ತೊಂದರೆ ಶನಿವಾರ, ಭಾನುವಾರ. ಬೆಟ್ಟದ ಮೇಲೆ ಸೂರ್ಯೋದಯ ನೋಡಲು ಬೆಂಗಳೂರಿನಿಂದ ಬೈಕುಗಳು ಸಾಲುಗಟ್ಟಿ ಬರುತ್ತವೆ. ಅವರಿಗಾಗಿ ಪೊಲೀಸರು ಬ್ಯಾರಿಕೇಡ್ ಇಟ್ಟು ನಿಂತಿರುತ್ತಾರೆ. ನಿಲ್ಲಲಿ, ಬೇಡ ಅನ್ನುವುದಿಲ್ಲ. ಸೈಲೆನ್ಸರ್ ಬದಲಾಯಿಸಿಕೊಂಡು ಡಬ ಡಬ ಅನ್ನಿಸಿಕೊಂಡು ಬರುವವರಿಂದ ನಮ್ಮೂರಿನಲ್ಲಿ ಮಗು ಮಲಗಲ್ಲ, ಹಸು ನಿಂತಲ್ಲಿ ನಿಲ್ಲಲ್ಲ. ವೀಲಿಂಗ್ ಮಾಡುವವರನ್ನು ಹಿಡಿದರೆ ನಾನೇ ಪೊಲೀಸರಿಗೆ ಟೀ ಕೊಡಿಸುತ್ತೇನೆ.

ಆದರೆ ಮೊನ್ನೆ ಶನಿವಾರ ಆಗಿದ್ದು ಬೇರೆ. ಮರದ ಮರೆಯಲ್ಲಿದ್ದ ಒಬ್ಬರು ಸಡನ್ನಾಗಿ ರಸ್ತೆಗೆ ಬಂದರು. ನಾನು ಬ್ರೇಕ್ ಹಿಡಿದೆ, ಮುಂದಿನ ಚೀಲ ಹ್ಯಾಂಡಲ್ಲಿಗೆ ಒತ್ತಿಕೊಂಡು ಗಾಡಿ ವಾಲಿತು. ಕಾಲು ಕೊಟ್ಟು ನಿಲ್ಲಿಸುವಷ್ಟರಲ್ಲಿ ಅವರು ಕೀ ಎಳೆದುಕೊಂಡಿದ್ದರು. 'ಏಯ್, ಏನೋ ಇದು ಲೋಡು? ಆ ಕಡೆ ನಿಂತ್ಕೋ.' ನನಗೆ ನಲವತ್ತಾರು ವರ್ಷ. ಅವರಿಗೆ ನನ್ನ ತಂಗಿ ಮಗನ ವಯಸ್ಸು.

ತಲೆ ಮೇಲೆ ಐಎಸ್‌ಐ ಹೆಲ್ಮೆಟ್ ಇತ್ತು. ಆರ್‌ಸಿ, ಲೈಸೆನ್ಸ್, ಇನ್ಶೂರೆನ್ಸ್ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿತ್ತು. ಯಾರೂ ನೋಡಲಿಲ್ಲ. 'ಸಾಹೇಬ್ರು ಬರಲಿ' ಅಂದರು. ಸಾಹೇಬರು ದೊಡ್ಡ ಬೈಕಿನವರ ಗುಂಪಿನ ಹತ್ತಿರ 'ಸರ್, ಸ್ವಲ್ಪ ಡಾಕ್ಯುಮೆಂಟ್ಸ್ ತೋರಿಸ್ತೀರಾ' ಅಂತ ಮಾತಾಡುತ್ತಿದ್ದರು. ಅವರೆಲ್ಲ ತೋರಿಸಿ, ಫೋಟೋ ತೆಗೆಸಿಕೊಂಡು ಹೋದರು. ಆಮೇಲೆ ನನ್ನ ಕಡೆ ನೋಡಿ ಸಾಹೇಬರು 'ಇವನನ್ಯಾಕೆ ನಿಲ್ಲಿಸಿದ್ದೀರಿ, ಕಳಿಸ್ರಿ' ಅಂದರು. ಅಷ್ಟೇ.

ದಂಡ ಹಾಕಿದ್ದರೆ 500 ಹೋಗುತ್ತಿತ್ತು. ಹಾಕಲಿಲ್ಲ. ಆದರೆ ಕೆಜಿಗೆ 80 ಇದ್ದ ಹೂವು ನಾನು ಹೋಗುವಷ್ಟರಲ್ಲಿ 50 ಆಗಿತ್ತು. ಮೂರು ಚೀಲಕ್ಕೆ ಲೆಕ್ಕ ನೀವೇ ಹಾಕಿಕೊಳ್ಳಿ.

ಕೀ ಕಿತ್ತುಕೊಳ್ಳುವ ಅಧಿಕಾರ ಅವರಿಗೆ ಇದೆಯಾ? ದಾಖಲೆ ಮೊಬೈಲಿನಲ್ಲಿ ತೋರಿಸಿದರೆ ಸಾಕಾ? ಜಗಳ ಆಡದೆ ಬೇಗ ಬಿಡಿಸಿಕೊಂಡು ಹೋಗಲು ಏನು ಮಾತಾಡಬೇಕು? ತಿಳಿದವರು ಹೇಳಿ.

ಕೆಎ 67 ಡ್ರೈವಿಂಗ್ ಸ್ಕೂಲ್ (ಚಿಂತಾಮಣಿ)

ಅಣ್ಣಾ, ಕೀ ಕಿತ್ತುಕೊಳ್ಳುವಂತಿಲ್ಲ. 2025ರ ಮೇ ಕೊನೆಯಲ್ಲಿ ಮಂಡ್ಯದಲ್ಲಿ ಆದದ್ದು ನೆನಪಿದೆಯಲ್ಲ? ನಾಯಿ ಕಚ್ಚಿದ ಮಗುವನ್ನು ಅಪ್ಪ, ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಅಡ್ಡ ಹಾಕಿದಾಗ ಬೈಕು ಬಿದ್ದು ಮಗು ತೀರಿಕೊಂಡಿತು. ಮೂವರು ಎಎಸ್‌ಐಗಳು ಸಸ್ಪೆಂಡ್ ಆದರು. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರೇ ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪು ಇಲ್ಲದೆ ಗಾಡಿ ನಿಲ್ಲಿಸಬಾರದು, ಸಡನ್ನಾಗಿ ಅಡ್ಡ ಬರಬಾರದು, ಕೀ ತೆಗೆಯಬಾರದು, ಹಿಂದೆ ಕೂತವರನ್ನು ಎಳೆಯಬಾರದು. ಸುಮ್ನೆ ದಾಖಲೆ ನೋಡೋಕೆ ಅಂತ ನಿಲ್ಲಿಸಬೇಡಿ ಅನ್ನುವುದನ್ನು 2022ರಲ್ಲಿ ಆಗಿನ ಡಿಜಿಪಿ ಪ್ರವೀಣ್ ಸೂದ್ ಅವರೂ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ.

ಆದರೆ ಇದನ್ನು ಓದಿಕೊಂಡು 'ನಿಲ್ಲಿಸೋಕೆ ನೀವು ಯಾರು' ಅಂತ ಕೇಳಬೇಡಿ. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ ಪ್ರಕಾರ ಯೂನಿಫಾರಂನಲ್ಲಿರುವ ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು. ಇಲಾಖೆಯ ಸೂಚನೆ ಅವರ ಮೇಲಿನವರು ಅವರಿಗೆ ಹೇಳಿದ್ದು. ರಸ್ತೆಯಲ್ಲಿ ನಿಂತು ನೀವು ಅದನ್ನು ಓದಿ ಹೇಳಿದರೆ ಇನ್ನೂ ಅರ್ಧ ಗಂಟೆ ಜಾಸ್ತಿ ನಿಲ್ಲಿಸುತ್ತಾರೆ. ನಮ್ಮ ಸ್ಕೂಲಿನ ಹುಡುಗರು ಇದನ್ನು ಮಾಡಿ ನೋಡಿದ್ದಾರೆ.

ಮೊಬೈಲ್ ಸಾಕು. ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದ್ದು 2018ರಿಂದ ಅಸಲಿ ದಾಖಲೆಗೆ ಸಮ. ಕಾರ್ಡಿನ ಫೋಟೋ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡರೆ ಆಗಲ್ಲ, ಆ್ಯಪ್ ತೆರೆದೇ ತೋರಿಸಬೇಕು. ದಂಡ ಕಟ್ಟುವುದಾದರೆ ರಸೀದಿ ಕೇಳಿ.

ಕ್ವಾರ್ಟರ್ಸ್ ಮಗಳು (ಗೌರಿಬಿದನೂರು)

ನಮ್ಮಪ್ಪ ಎಎಸ್‌ಐ ಆಗಿ ನಿವೃತ್ತರಾದವರು. ಕೀ ಕಿತ್ತುಕೊಂಡದ್ದನ್ನೂ ಏಯ್ ಅಂದದ್ದನ್ನೂ ನಾನು ಸಮರ್ಥಿಸುವುದಿಲ್ಲ. ನಿಮ್ಮ ಪೋಸ್ಟ್ ಓದಿ ಹೇಳಿದೆ, ಅವರಿಗೂ ಸರಿ ಕಾಣಲಿಲ್ಲ. ಆದರೆ ಅವರು ಮೊದಲು ಕೇಳಿದ್ದು, 'ಹಿಂದಿನ ಚೀಲದಿಂದ ನಂಬರ್ ಪ್ಲೇಟ್ ಕಾಣುತ್ತಿತ್ತಾ?'

ಅಣ್ಣಾ, ನಿಮ್ಮ ಎಕ್ಸ್‌ಎಲ್‌ನ ಹಿಂದೆ ನಿಂತು ಒಮ್ಮೆ ನೋಡಿ. ಚೀಲ ಜೋತುಬಿದ್ದರೆ ಪ್ಲೇಟ್ ಮುಚ್ಚುತ್ತದೆ, ಟೈಲ್ ಲೈಟೂ ಮುಚ್ಚುತ್ತದೆ. ಕತ್ತಲಲ್ಲಿ ಪ್ಲೇಟ್ ಕಾಣದ ಲೋಡು ಗಾಡಿ ಬಂದರೆ ಪೊಲೀಸರಿಗೆ ಅದೇ ಕಣ್ಣಿಗೆ ಕಾಣುವ ತಪ್ಪು. ಮೇಕೆ ಕಳ್ಳರೂ ಅದೇ ಹೊತ್ತಿಗೆ ಓಡಾಡುತ್ತಾರೆ. ಇನ್ನು ಹೈವೇಯಲ್ಲಿ ಹಿಂದಿನಿಂದ ಬರುವ ಲಾರಿಯವನಿಗೆ ನೀವು ಕಾಣುವುದೇ ಇಲ್ಲ. ನನಗೆ ದಂಡಕ್ಕಿಂತ ಆ ಭಯವೇ ದೊಡ್ಡದು.

ಕೀ ಯಾಕೆ ಎಳೆಯುತ್ತಾರೆ ಅಂದರೆ, ನಿಲ್ಲಿಸಿದ ಹಾಗೆ ಮಾಡಿ ಆಕ್ಸಿಲರೇಟರ್ ತಿರುಗಿಸಿ ಓಡುವವರು ಇದ್ದಾರೆ. ಅಪ್ಪನ ಎಡಗಾಲಿನಲ್ಲಿ ರಾಡ್ ಇದೆ. ತ್ರಿಬಲ್ ರೈಡಿಂಗ್ ಬಂದ ಹುಡುಗರು ಗುದ್ದಿ ಹೋದದ್ದು. ಹುಡುಗರು ಸಿಗಲೇ ಇಲ್ಲ. ಅವತ್ತಿನಿಂದ ಮನೆಯಲ್ಲಿ ಅಮ್ಮ ಹೇಳುತ್ತಿದ್ದದ್ದು ಒಂದೇ, 'ಹೋದರೆ ಹೋಗಲಿ ಬಿಡಿ, ಅಡ್ಡ ನಿಲ್ಲಬೇಡಿ.'

ಹಿಮಾಲಯನ್ ಸವಾರ (ಬೆಂಗಳೂರು)

ಆ ದೊಡ್ಡ ಬೈಕಿನವರಲ್ಲಿ ನಾನೂ ಒಬ್ಬ ಅಂದುಕೊಳ್ಳಿ. ನೀವು ಹೇಳಿದ್ದು ನಿಜ, ನಮಗೆ 'ಸರ್' ಸಿಗುತ್ತದೆ. ಆದರೆ ಅದು ಬೈಕಿಗೂ ಅಲ್ಲ, ಜಾಕೆಟ್ಟಿಗೆ. ಅಜ್ಜಿಯ ಊರು ಮಂಚೇನಹಳ್ಳಿ ಕಡೆ. ಅಲ್ಲಿಗೆ ಹಬ್ಬಕ್ಕೆ ಹೋಗುವಾಗ ಲುಂಗಿ, ಹಳೇ ಶರ್ಟು. ಅದೇ ಬೈಕು, ಅದೇ ನಾನು. ತಡೆದವರು ಮೊದಲು ಕೇಳಿದ್ದು, 'ಯಾರ್ದೋ ಗಾಡಿ ಇದು?'

ನಮ್ಮ ಗುಂಪಿನ ಬಗ್ಗೆಯೂ ಹೇಳಿಬಿಡುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಪೊಲೀಸರಿಗೆ ಬೈಯುವವರಲ್ಲಿ ಅರ್ಧ ಜನ ಹಳೇ ದಂಡ ಕಟ್ಟಿರಲಿಲ್ಲ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಸರ್ಕಾರ ಅರ್ಧ ಮನ್ನಾ ಮಾಡಿದಾಗ ಸ್ಕ್ರೀನ್‌ಶಾಟ್ ಹಾಕಿ ಸಂಭ್ರಮ ಪಟ್ಟರು. ನಿಮ್ಮೂರಿನವರ ನಿದ್ದೆ ಕೆಡಿಸುವ ಸೈಲೆನ್ಸರ್ ಕೂಡ ನಮ್ಮವರದೇ. ನನ್ನದು ಕಂಪನಿಯದೇ ಇದೆ, ದೇವರಾಣೆ.

ಶಿಡ್ಲಘಟ್ಟದ ಟೀಚರ್

ಸ್ಕೂಟಿಯಲ್ಲಿ ದಿನಾ ಓಡಾಡುತ್ತೇನೆ. ಹೆಂಗಸರನ್ನು ನಿಲ್ಲಿಸುವುದು ಕಡಿಮೆ, ಅದು ನಿಜ. ಒಂದು ವಿಷಯ ಸೇರಿಸುತ್ತೇನೆ. ಹಿಂದಿನ ಮಳೆಗಾಲದಲ್ಲಿ ರಸ್ತೆ ಬದಿ ಬಿದ್ದಿದ್ದ ಒಬ್ಬ ಹುಡುಗನಿಗಾಗಿ 112ಕ್ಕೆ ಫೋನ್ ಮಾಡಿದೆ. ಜೊತೆಗಿದ್ದವರು 'ಬೇಡ ಮೇಡಂ, ಸ್ಟೇಷನ್‌ಗೆ ಅಲೆಸ್ತಾರೆ' ಅಂದರು. ಬಂದ ಪೊಲೀಸರು ಹೆಸರನ್ನೂ ಒತ್ತಾಯ ಮಾಡಿ ಕೇಳಲಿಲ್ಲ. 2019ರ ತಿದ್ದುಪಡಿಯಲ್ಲಿ 134ಎ ಅಂತ ಸೆಕ್ಷನ್ ಬಂದಿದೆ, ಸಹಾಯ ಮಾಡಿದವರಿಗೆ ರಕ್ಷಣೆ ಇದೆ. ಭಯಕ್ಕೆ ಬಿದ್ದವರನ್ನು ಬಿಟ್ಟು ಹೋಗಬೇಡಿ, ಅಷ್ಟೇ. ಹೂವಿನ ವಿಷಯಕ್ಕೆ ಇದು ಸೇರುವುದಿಲ್ಲ, ಕ್ಷಮಿಸಿ.

ಸೇವಂತಿಗೆ ತೋಟ (ಚಿಕ್ಕಬಳ್ಳಾಪುರ)

ಎಲ್ಲರಿಗೂ ಥ್ಯಾಂಕ್ಸ್. ಅಕ್ಕಾ, ನಿಮ್ಮಪ್ಪನವರಿಗೆ ನನ್ನ ನಮಸ್ಕಾರ ತಿಳಿಸಿ. ವೆಲ್ಡಿಂಗ್ ಅಂಗಡಿಯಲ್ಲಿ ಹಿಂದಿನ ಕ್ಯಾರಿಯರ್‌ಗೆ ಒಂದು ಅಡ್ಡ ಪಟ್ಟಿ ಹಾಕಿಸಿದೆ. ಈಗ ಚೀಲ ಜೋತುಬೀಳಲ್ಲ, ಪ್ಲೇಟೂ ಲೈಟೂ ಕಾಣುತ್ತವೆ. ಹಿಂದೆ ಕೆಂಪು ರೇಡಿಯಂ ಸ್ಟಿಕ್ಕರ್ ಕೂಡ ಅಂಟಿಸಿದ್ದೇನೆ. ಹೆಂಡತಿ 'ಟ್ರ್ಯಾಕ್ಟರ್ ಥರ ಕಾಣ್ತಾ ಇದೆ' ಅಂದಳು.

ಅಂದರೆ ನನ್ನ ಮಾತು ಮುಗಿಯಿತು ಅಂತಲ್ಲ. ಪ್ಲೇಟ್ ಮುಚ್ಚಿದೆ ಅಂತ ಅವತ್ತು ಯಾರೂ ಹೇಳಲಿಲ್ಲ. ಹೇಳಿದ್ದರೆ ಅಲ್ಲೇ ಚೀಲ ಎತ್ತಿ ಕಟ್ಟುತ್ತಿದ್ದೆ, ದಂಡ ಹಾಕಿದ್ದರೂ ಕಟ್ಟಿ ಹೋಗುತ್ತಿದ್ದೆ. ಯಾಕೆ ನಿಲ್ಲಿಸಿದರು ಅಂತ ಗೊತ್ತಿಲ್ಲದೆ ನಿಂತಿರುವುದು ಇದೆಯಲ್ಲ, ಅದು ಕಷ್ಟ. ಚೀಲದಲ್ಲಿ ಹೂವು ಬಿಸಿಯಾಗುತ್ತಾ ಇರುತ್ತದೆ, ಕೀ ಇನ್ನೊಬ್ಬರ ಜೇಬಿನಲ್ಲಿ.

ನಮ್ಮೂರಿನಲ್ಲಿ ಎಕ್ಸ್‌ಎಲ್‌ನಲ್ಲಿ ಹೂವು, ತರಕಾರಿ, ಹಾಲು ಸಾಗಿಸುವವರೆಲ್ಲ ಸೇರಿ ಒಂದು ಅರ್ಜಿ ಕೊಡೋಣ ಅಂದುಕೊಂಡಿದ್ದೇವೆ. ವಾರಾಂತ್ಯದ ತಪಾಸಣೆಯಲ್ಲಿ ನಮ್ಮ ಗಾಡಿಗಳನ್ನು ಮೊದಲು ನೋಡಿ ಕಳಿಸಲಿ, ಅಷ್ಟೇ ಕೇಳುವುದು. ಅಕ್ಕಾ, ಇದನ್ನು ಇನ್‌ಸ್ಪೆಕ್ಟರ್ ಹೆಸರಿಗೆ ಬರೆಯಬೇಕಾ, ನೇರ ಎಸ್‌ಪಿ ಆಫೀಸಿಗಾ?

ಕ್ವಾರ್ಟರ್ಸ್ ಮಗಳು (ಗೌರಿಬಿದನೂರು)

ಅಪ್ಪ ಹೇಳಿದ್ದು: ಮೊದಲು ಠಾಣೆಯ ಇನ್‌ಸ್ಪೆಕ್ಟರ್‌ಗೇ ಬರೆಯಿರಿ, ಅವರನ್ನು ದಾಟಿ ಹೋದರೆ ಮುನಿಸಿಕೊಳ್ಳುತ್ತಾರೆ. ಎಲ್ಲರ ಗಾಡಿ ನಂಬರ್, ಹೊರಡುವ ಹೊತ್ತು, ಹೋಗುವ ದಾರಿ ಬರೆಯಿರಿ. ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಶನಿವಾರ, ಭಾನುವಾರ ಹೋಗಬೇಡಿ, ಅವತ್ತು ಅವರೆಲ್ಲ ಬೆಟ್ಟದ ರಸ್ತೆಯಲ್ಲೇ ಇರುತ್ತಾರೆ.