ಸೊವೆಟೊಗೆ ಹೋಗ್ಬಹುದಾ ಅಂತ ಕೇಳಿದ್ಯಲ್ಲ ಪುಟ್ಟಿ

ಪುಟ್ಟೀ, ನಿನ್ ಮೆಸೇಜ್ ಈಗ ನೋಡ್ದೆ ಕಣೇ, ಜೋಹಾನ್ಸ್‌ಬರ್ಗ್‌ಗೆ ಹೋಗ್ತಿದೀವಿ, ಮಕ್ಳು ಮಂಡೇಲಾ ಮನೆ ನೋಡ್ಬೇಕು ಅಂತಿದಾರೆ, ಅದಿರೋದು ಸೊವೆಟೊದಲ್ಲಿ, ಆ ಊರಿನ ಕಪ್ಪು ಜನರ ಬಡಾವಣೆ, ಅಲ್ಲಿಗೆ ಅಂದ್ರೆ ಎಲ್ರೂ ಹೆದರಿಸ್ತಾರೆ, ಹೋಗ್ಬಹುದಾ ದೊಡ್ಡಮ್ಮ ಅಂತ ಕೇಳಿದೀಯ. ಹೋಗೇ. ಆದ್ರೆ ಕೊರಳಿಗೆ ಕಾರ್ಡ್ ನೇತಾಕ್ಕೊಂಡು ಬರೋರ ಕೈಗೆ ಒಂದು ರಾಂಡೂ ಕೊಡ್ಬೇಡ.

ನಮ್ಮ ಹುಡುಗನ ಮನೇಲಿ ಆರು ತಿಂಗ್ಳು ಇದ್ವಲ್ಲ, ಆಗಿನ ಮಾತು. ಅವ್ನಿಗೆ ಆಫೀಸು, ನಮ್ಮಿಬ್ರನ್ನ ಮಂಡೇಲಾ ಮನೆ ಇರೋ ವಿಲಾಕಾಜಿ ಸ್ಟ್ರೀಟ್ ಮೂಲೇಲಿ ಇಳಿಸಿ ಹೊರಟೋದ. ನಿಮ್ ದೊಡ್ಡಪ್ಪನ ಬುದ್ಧಿ ಗೊತ್ತಲ್ಲ, ಯಾರಾದ್ರೂ ಸರ್ ಅಂದ್ಬಿಟ್ರೆ ಸಾಕು, ಬೆಣ್ಣೆ. ಒಬ್ಬ ಬಂದ, ಕಾರ್ಡು, ಇಸ್ತ್ರಿ ಮಾಡಿದ ಶರ್ಟು, ಕ್ಯೂ ಯಾಕೆ ಸರ್, ಟಿಕೆಟ್ ನಾನೇ ತರ್ತೀನಿ ಅಂದ. ಇವ್ರು ಪರ್ಸ್ ತೆಗೆದೇಬಿಟ್ರು. ಬೀದೀಲಿ ನಡೆಸ್ಕೊಂಡು ಹೋಗಿ ಇದು ವರ್ಣಭೇದದ ವಿರುದ್ಧ ಹೋರಾಡಿದ ಪಾದ್ರಿ ಡೆಸ್ಮಂಡ್ ಟುಟು ಮನೆ, ಅವ್ರಿಗೆ 1984ರಲ್ಲಿ ನೊಬೆಲ್, ಮಂಡೇಲಾಗೆ 1993ರಲ್ಲಿ, ಎರಡೂ ಒಂದೇ ಬೀದಿಗೆ ಅಂದ. ಅದೆಲ್ಲ ನಿಜಾನೇ, ಅದಕ್ಕೇ ನಂಬಿದ್ದು. ಐದು ನಿಮಿಷ ಇರಿ ಅಂತ ಹೋದೋನು ಹೋದ. ಟುಟು ಮನೆ ಗೇಟ್ ಮುಂದೆ ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತ್ವಿ ಕಣೇ, ಆ ಮನೆ ಒಳಗೆ ಯಾರನ್ನೂ ಬಿಡೋದೇ ಇಲ್ಲ! ಆಮೇಲೆ ಕೌಂಟರ್‌ಗೆ ಹೋಗಿ ಇನ್ನೊಂದ್ಸಲ ದುಡ್ಡು ಕೊಟ್ಟು ಟಿಕೆಟ್ ತಗೊಂಡ್ವಿ. ಅದಕ್ಕೇ ಹೇಳ್ತಿರೋದು, ಕಾರ್ಡ್ ನೋಡಿ ಮೋಸ ಹೋಗ್ಬೇಡ, ಬೀದೀಲಿ ದುಡ್ಡು ಕೊಡ್ಲೇಬೇಡ.

ಮಂಡೇಲಾ ಮನೆ ಏನು ಅರಮನೆ ಅಲ್ಲ, 8115 ನಂಬರ್ರು, ಇಟ್ಟಿಗೆ ಗೋಡೆ, ಪುಟ್ಟ ಪುಟ್ಟ ರೂಮು. 1946ರಲ್ಲಿ ಬಂದು ಸೇರಿದ್ದಂತೆ, 27 ವರ್ಷ ಜೈಲು ಮುಗಿಸಿ 1990ರಲ್ಲಿ ಅದೇ ಮನೆಗೆ ಬಂದ್ರೂ ಇರೋಕಾಗಿದ್ದು 11 ದಿನ ಅಷ್ಟೇ. ಗೋಡೇಲಿ ಪೊಲೀಸ್ ಗುಂಡಿನ ತೂತು, ಪೆಟ್ರೋಲ್ ಬಾಂಬ್ ಬಿದ್ದು ಕಪ್ಪಾಗಿರೋ ಗುರುತು ಎಲ್ಲಾ ಹಂಗೇ ಬಿಟ್ಟಿದಾರೆ. ಎರಡು ಹೆಣ್ಮಕ್ಳನ್ನ ಕಟ್ಕೊಂಡು ಅವ್ರ ಹೆಂಡ್ತಿ ವಿನ್ನಿ ಅದರೊಳಗೆ ಹೆಂಗಿದ್ದಳೋ.

ಅಲ್ಲಿ ನಿಂತಾಗ ನಂಗೆ ನಮ್ ತಾತನ ಮನೇನೇ ಕಣ್ಮುಂದೆ ಬಂತು. 1942ರಲ್ಲಿ ಜೈಲಿಗೆ ಹೋದೋರ ಮನೆ ಅದು. ಅವ್ರು ಗುಂಡಿನ ತೂತನ್ನೂ ಮುಚ್ದೆ ಕಾಪಾಡ್ಕೊಂಡಿದಾರೆ, ನಾವು ತಲಬಾಗಿಲನ್ನೂ ಉಳಿಸ್ಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ. ಸೈಟಿಗೆ ಒಳ್ಳೆ ರೇಟ್ ಬಂತು ಅಂತ ಮೊದ್ಲು ಸೈನ್ ಹಾಕಿದ್ಯಾರು ಅಂತ ಈ ಗ್ರೂಪಲ್ಲಿರೋ ಎಲ್ರಿಗೂ ಗೊತ್ತು, ಕೇಳಿಸ್ಕೊಳ್ಳಲಿ ಅಂತಾನೇ ಹೇಳ್ತಿದೀನಿ. ತಾತನ ಚರಕ ಯಾರ ಅಟ್ಟ ಸೇರ್ತು ಅಂತ ಕೇಳಿದ್ರೆ ಇವತ್ತಿಗೂ ಉತ್ರ ಇಲ್ಲ. ಹೆಣ್ಮಕ್ಳನ್ನ ಒಂದ್ಮಾತು ಕೇಳಿದ್ರಾ? ಇಲ್ಲ.

ಅಯ್ಯೋ, ನೀನು ಕೇಳಿದ್ದೇ ಬೇರೆ ಅಲ್ವಾ. ಬೆಳಗ್ಗೇನೇ ಹೋಗ್ಬಿಡು, ಹಗಲಲ್ಲಿ ಆ ಬೀದಿ ತುಂಬ ಟೂರಿಸ್ಟ್‌ಗಳೇ. ಕ್ಯಾಬ್‌ನ ಗೇಟಿಗೇ ಬಿಡಿಸ್ಕೊ, ಮೂಲೇಲಿ ಇಳೀಬೇಡ, ವಾಪಸ್ ಬರೋಕೆ ಹೋಟ್ಲೊಳಗೆ ಕೂತೇ ಬುಕ್ ಮಾಡು, ರೋಡಲ್ಲಿ ಫೋನ್ ಕೈಲಿ ಹಿಡ್ಕೊಂಡು ನಿಲ್ಬೇಡ. ಮಕ್ಳಿಗೆ ಹತ್ರದಲ್ಲೇ ಇರೋ ಹೆಕ್ಟರ್ ಪೀಟರ್ಸನ್ ಮ್ಯೂಸಿಯಮ್ಮೂ ತೋರ್ಸು, 1976 ಜೂನ್ 16ಕ್ಕೆ ಸ್ಕೂಲ್ ಮಕ್ಳ ಮೇಲೆ ಗುಂಡು ಹಾರಿಸಿದ್ರಲ್ಲ, ಆಗ ಸತ್ತ ಹುಡುಗ, ಬರೀ 12 ವರ್ಷ.

ಫೋಟೋ ತೆಗೆದ್ರೆ ಗ್ರೂಪಿಗೆ ಹಾಕ್ಬೇಡ, ನಂಗೊಬ್ಳಿಗೇ ಕಳ್ಸು.